ಕೂರಿಗೆ ಹೂಡುವ ಮೊದಲು: ರಣಜಿ ಹಂಗಾಮಿನ ತಯಾರಿಯನ್ನು ಓದುವುದು ಹೇಗೆ?

ಗದಗ ಜಿಲ್ಲೆಯ ನರೇಗಲ್ ಸುತ್ತಲಿನ ಎರೆಹೊಲಗಳಲ್ಲಿ ಈಗ ಕುಂಟಿಯ ಕೆಲಸ. ಮುಂಗಾರಿಗೆ ಹೆಸರು ಹಾಕಿದವರು ಕಾಯಿ ಬಿಡಿಸಿಕೊಂಡು ಹೊಲ ತೆರವು ಮಾಡಿದ್ದಾರೆ. ಹಿಂಗಾರಿ ಜೋಳಕ್ಕೆಂದೇ ಹೊಲ ಬಿಟ್ಟವರು, ಮಳೆ ಬಿದ್ದು ನೆಲ ಹದಕ್ಕೆ ಬಂದಾಗಲೆಲ್ಲ ಹರಗುತ್ತಲೇ ಇದ್ದಾರೆ. ಪರವೂರಿನವರ ಕಣ್ಣಿಗೆ ಇದು ಬರಿಯ ಕರಿನೆಲ, ಒಂದು ಹಸಿರು ಗರಿಯೂ ಕಾಣದು. ಆದರೆ ಹರಗಿದಷ್ಟೂ ಕಸ ಸಾಯುತ್ತದೆ, ಮೇಲ್ಮಣ್ಣು ಸಡಿಲಾಗಿ ಬಿರುಕು ಮುಚ್ಚುತ್ತದೆ, ಬಿದ್ದ ಮಳೆ ಆವಿಯಾಗದೆ ಒಳಗೆ ಉಳಿಯುತ್ತದೆ. ಉತ್ತರಿ, ಹಸ್ತಿ ಮಳೆಯ ಹೊತ್ತಿಗೆ ಕೂರಿಗೆ ಹೂಡಿದಾಗ ಬೀಜಕ್ಕೆ ಸಿಗುವುದು ಆ ಒಂದು ಮಳೆಯ ಹಸಿಯಷ್ಟೇ ಅಲ್ಲ, ಮೂರು ತಿಂಗಳಿಂದ ಕೂಡಿಟ್ಟ ಹಸಿ.

ಇದೇ ದಿನಗಳಲ್ಲಿ ಕರ್ನಾಟಕದ ಕ್ರಿಕೆಟಿಗರೂ ತಮ್ಮ ಹೊಲ ಹರಗುತ್ತಿರುತ್ತಾರೆ. ಈಚಿನ ಹಂಗಾಮುಗಳಲ್ಲಿ ರಣಜಿ ಟ್ರೋಫಿ ಶುರುವಾಗುವುದು ಅಕ್ಟೋಬರ್ ಮಧ್ಯದ ಸುಮಾರಿಗೆ, ನಮ್ಮ ಜೋಳ ಕಡಲೆ ಬಿತ್ತುವ ಹೊತ್ತಿಗೇ. ಅದಕ್ಕೂ ಮುಂಚಿನ ಎರಡು ಮೂರು ತಿಂಗಳು ಅಭ್ಯಾಸದ ಪಂದ್ಯಗಳು, ನೆಟ್ಸ್, ಓಟ, ವ್ಯಾಯಾಮ. ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಆ ಪಂದ್ಯಗಳ ಅಂಕಿಗಳು ಬರುತ್ತವೆ. ಅವನ್ನು ಓದಿ ‘ಈ ಸಲ ನಮ್ಮ ತಂಡ ಗಟ್ಟಿ’ ಎಂದೋ ‘ಈ ಸಲ ಕಷ್ಟ’ ಎಂದೋ ನಾವು ತೀರ್ಪು ಕೊಟ್ಟುಬಿಡುತ್ತೇವೆ. ತಯಾರಿಯ ಕಾಲದಲ್ಲಿ ನಿಜಕ್ಕೂ ಏನು ನಡೆಯುತ್ತದೆ, ಅದರಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು, ನಮ್ಮ ಹೋಬಳಿಯ ಮಕ್ಕಳಿಗೆ ಇದರಲ್ಲಿ ಪಾಲು ಏಕೆ ಸಿಗುತ್ತಿಲ್ಲ ಎಂಬುದನ್ನು ಬಿಡಿಸಿ ನೋಡೋಣ.

ಹಿಮದ ನಾಡಿನಿಂದ ಬಿಸಿಲಿಗೆ

ತಯಾರಿಯ ಕಾಲವನ್ನೇ ಒಂದು ಹಬ್ಬದಂತೆ ಆಚರಿಸುವ ಆಟವೆಂದರೆ ಅಮೆರಿಕದ ಬೇಸ್‌ಬಾಲ್. ಅಲ್ಲಿನ ಉತ್ತರದ ಊರುಗಳು ಫೆಬ್ರುವರಿಯಲ್ಲಿ ಹಿಮದಡಿ ಇರುತ್ತವೆ. ಆದ್ದರಿಂದ ಮೇಜರ್ ಲೀಗ್‌ನ 30 ತಂಡಗಳೂ ಬೆಚ್ಚಗಿನ ಸೀಮೆಗೆ ಹೊರಡುತ್ತವೆ: 15 ತಂಡ ಫ್ಲಾರಿಡಾಕ್ಕೆ, 15 ತಂಡ ಅರಿಜೋನಾಕ್ಕೆ. ಈ ರೂಢಿ ಹಳೆಯದು. 1886ರಲ್ಲೇ ಚಿಕಾಗೊ ತಂಡವೊಂದು ಚಳಿಗಾಲದಲ್ಲಿ ಏರಿದ ಮೈಭಾರ ಇಳಿಸಲು ಅರ್ಕನ್ಸಾದ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿತ್ತು. ಇಂದು ಸುಮಾರು ಆರು ವಾರ ಈ ತಯಾರಿ ನಡೆಯುತ್ತದೆ. ಮೂವತ್ತರಷ್ಟು ಪಂದ್ಯಗಳಾಗುತ್ತವೆ, ಒಂದೂ ಲೆಕ್ಕಕ್ಕಿಲ್ಲ. ಅದಾದ ಮೇಲೆ ಒಂದೊಂದು ತಂಡಕ್ಕೆ 162 ಪಂದ್ಯಗಳ ಹಂಗಾಮು.

ಈ ಶಿಬಿರಗಳಿಗೆ ಮೊದಲು ಬರುವವರು ಚೆಂಡು ಎಸೆಯುವ ಪಿಚರ್‌ಗಳು ಮತ್ತು ಅದನ್ನು ಹಿಡಿಯುವ ಕ್ಯಾಚರ್‌ಗಳು. ಉಳಿದವರು ಕೆಲವು ದಿನ ಬಿಟ್ಟು ಸೇರಿಕೊಳ್ಳುತ್ತಾರೆ. ಬ್ಯಾಟು ಬೀಸುವ ಕೈಗೆ ಲಯ ಬೇಗ ಮರಳುತ್ತದೆ. ಎಸೆಯುವ ತೋಳಿಗೆ ವಾರಗಳೇ ಬೇಕು. ಮೊದಲ ಪಂದ್ಯದಲ್ಲಿ ಪಿಚರ್ ಇಪ್ಪತ್ತು ಮೂವತ್ತು ಎಸೆತಕ್ಕೆ ನಿಲ್ಲುತ್ತಾನೆ. ಐದು ದಿನ ಬಿಟ್ಟು ಇನ್ನಷ್ಟು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಹಂಗಾಮು ಶುರುವಾಗುವ ಹೊತ್ತಿಗೆ ತೊಂಬತ್ತರ ಹತ್ತಿರ ಬರುತ್ತಾನೆ. ಅವನ ಆ ದಿನದ ಗುರಿ ಎದುರಾಳಿಯನ್ನು ಔಟ್ ಮಾಡುವುದಲ್ಲ, ತೋಳಿಗೆ ಒಂದು ಮೆಟ್ಟಿಲು ಹತ್ತಿಸುವುದು. ಹೊಡೆಸಿಕೊಂಡರೂ ಅವನಿಗೆ ಚಿಂತೆಯಿಲ್ಲ.

ನಮ್ಮ ಗರಡಿ ಮನೆಗಳಿಗೆ ಈ ವಿವೇಕ ಹೊಸದಲ್ಲ. ಜಾತ್ರೆಯ ಕುಸ್ತಿಗೆ ಮುಂಚಿನ ತಾಲೀಮಿನಲ್ಲಿ ಹಿರಿಯ ಪೈಲ್ವಾನ ಎಳೆಯನ ಹಿಡಿತಕ್ಕೆ ತಾನಾಗಿ ಮೈಕೊಡುತ್ತಾನೆ. ಹುಡುಗನಿಗೆ ಪಟ್ಟು ಕೂಡಬೇಕು ಎಂಬುದಷ್ಟೇ ಅವನ ಉದ್ದೇಶ. ತಾಲೀಮಿನಲ್ಲಿ ಚಿತ್ ಮಾಡಿದೆನೆಂದು ಊರಲ್ಲಿ ಹೇಳಿಕೊಂಡು ತಿರುಗುವ ಹುಡುಗನಿಗೆ ಉಸ್ತಾದರು ಬುದ್ಧಿ ಹೇಳುತ್ತಾರೆ. ಅಭ್ಯಾಸ ಪಂದ್ಯದ ಅಂಕಿ ಓದುವಾಗ ನಮಗೂ ಅದೇ ಮಾತು ನೆನಪಿರಬೇಕು.

ನಮ್ಮ ತಯಾರಿ ಮಳೆಯಲ್ಲಿ

ಅಮೆರಿಕದಲ್ಲಿ ಹಿಮ ಅಡ್ಡ ಬಂದರೆ ನಮ್ಮಲ್ಲಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ತಯಾರಿ ಬಹುಪಾಲು ಛಾವಣಿಯ ಕೆಳಗೆ, ಇಲ್ಲವೇ ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ. ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿಯ ಟಿ-20 ಪಂದ್ಯಗಳು ಬರುತ್ತವೆ. 2022ರಲ್ಲಿ ಶುರುವಾದ ಈ ಟೂರ್ನಿಯನ್ನು ಮರುವರ್ಷ ಹುಬ್ಬಳ್ಳಿ ಟೈಗರ್ಸ್ ಗೆದ್ದಾಗ ನಮ್ಮ ಭಾಗದಲ್ಲಿ ಆದ ಸಂತಸ ಸಣ್ಣದಲ್ಲ. ಅದರ ಆಚೀಚೆ ಕೆಂಪು ಚೆಂಡಿನ ತಯಾರಿಗೆ ಕ್ಯಾಪ್ಟನ್ ತಿಮ್ಮಪ್ಪಯ್ಯ ಸ್ಮಾರಕ ಟೂರ್ನಿ ಇದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಇದಕ್ಕೆ ತನ್ನದೇ ಎರಡು ಮೂರು ತಂಡ ಇಳಿಸಿ, ಬೇರೆ ರಾಜ್ಯಗಳನ್ನೂ ಕರೆಯುತ್ತದೆ. ತಮಿಳುನಾಡಿನಲ್ಲಿ ಬುಚ್ಚಿಬಾಬು ಟೂರ್ನಿ ಆಗಸ್ಟ್ ಸುಮಾರಿಗೆ ನಡೆಯುತ್ತದೆ. ಅಲ್ಲಿನ ದೊಡ್ಡ ಮಳೆ ಅಕ್ಟೋಬರ್ ನಂತರದ್ದಾದ್ದರಿಂದ ಆಗಸ್ಟ್‌ನಲ್ಲಿ ಆಡಲು ಬಿಡುವು ಸಿಗುತ್ತದೆ. ತಯಾರಿಯ ಜಾಗವನ್ನು ಆಟಗಾರರಿಗಿಂತ ಮೊದಲು ಹವೆ ಆರಿಸುತ್ತದೆ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಟಿ-20ಯಿಂದ ರಣಜಿಗೆ ದಾಟುವುದು ಮೈಗೆ ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಟಿ-20ಯಲ್ಲಿ ಒಬ್ಬ ಬೌಲರ್ ಹೆಚ್ಚೆಂದರೆ 4 ಓವರ್, ಅಂದರೆ 24 ಎಸೆತ ಹಾಕುತ್ತಾನೆ. ನಾಲ್ಕು ದಿನದ ರಣಜಿ ಪಂದ್ಯದಲ್ಲಿ ದಿನಕ್ಕೆ 90 ಓವರ್ ಆಗಬೇಕು. ಮುಖ್ಯ ವೇಗಿಯ ಪಾಲಿಗೆ ಇಪ್ಪತ್ತು ಓವರ್ ಬಂದರೆ 120 ಎಸೆತ, ಐದು ಪಟ್ಟು. ಮರುದಿನ ಮತ್ತೆ ಬೌಲಿಂಗ್‌ಗೆ ಇಳಿಯಬೇಕಾಗಬಹುದು.

ಪ್ರತಿ ಎಸೆತದಲ್ಲೂ ಮುಂಗಾಲು ನೆಲಕ್ಕೆ ಅಪ್ಪಳಿಸುವಾಗ ವೇಗಿಯ ಮೈಮೇಲೆ ಅವನ ತೂಕದ ಐದಾರು ಪಟ್ಟು ಒತ್ತಡ ಬೀಳುತ್ತದೆ. ಬಿಡುವಿನ ನಂತರ ಮರಳಿ ಓಡತೊಡಗಿದರೆ ಎದೆ ಮತ್ತು ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ನರಹಗ್ಗಗಳಿಗೂ ಎಲುಬಿಗೂ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಆದ್ದರಿಂದ ಹುಡುಗನಿಗೆ ‘ನಾನು ತಯಾರಾದೆ’ ಅನ್ನಿಸುವ ಹೊತ್ತಿಗೆ ಅವನ ಬೆನ್ನೆಲುಬು ತಯಾರಾಗಿರುವುದಿಲ್ಲ. ಎಳೆಯ ವೇಗಿಗಳ ಸೊಂಟದ ಎಲುಬಿನಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುವುದು ಹೀಗೆ. ಬಲಗೈ ಬೌಲರ್‌ಗೆ ಬಹುತೇಕ ಎಡಬದಿಯಲ್ಲಿ. ಎಸೆತಗಳ ಸಂಖ್ಯೆ ಹಿಂದಿನ ವಾರಗಳ ಸರಾಸರಿಗಿಂತ ಒಮ್ಮೆಲೇ ಏರಿದಾಗ ಗಾಯದ ಅಪಾಯ ಹೆಚ್ಚುತ್ತದೆಂದು ತರಬೇತುದಾರರು ಕಂಡುಕೊಂಡಿದ್ದಾರೆ. ಅದಕ್ಕೇ ಈಗ ತಂಡಗಳಲ್ಲಿ ನೆಟ್ಸ್‌ನ ಎಸೆತಗಳನ್ನೂ ಎಣಿಸಿ ಬರೆದಿಡುತ್ತಾರೆ. ತಯಾರಿಯ ಪಂದ್ಯದಲ್ಲಿ ಚೆನ್ನಾಗಿ ಎಸೆಯುತ್ತಿದ್ದ ವೇಗಿಯನ್ನು ನಾಯಕ ಎಂಟು ಓವರ್‌ಗೇ ನಿಲ್ಲಿಸಿದರೆ ಅಭಿಮಾನಿಗೆ ಬೇಸರ ಬೇಡ. ಅವನ ಆ ವಾರದ ಮೆಟ್ಟಿಲು ಅಷ್ಟೇ ಎತ್ತರ.

ಐದು ಬೀಜದ ಮೊಳಕೆ

ಈಗ ಅಂಕಿಗಳ ಮಾತು. ಬಿತ್ತನೆಗೆ ಮುಂಚೆ ರೈತರು ಬೀಜದ ಮೊಳಕೆ ನೋಡುತ್ತಾರೆ. ನೂರು ಕಾಳು ಎಣಿಸಿ, ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಲೆಕ್ಕ ಹಾಕುತ್ತಾರೆ. ಐದೇ ಕಾಳು ಇಟ್ಟು ಐದೂ ಮೊಳೆತರೆ ‘ನೂರಕ್ಕೆ ನೂರು’ ಎಂದು ಯಾವ ರೈತನೂ ಹೇಳುವುದಿಲ್ಲ. ಕ್ರಿಕೆಟ್ ಅಂಕಿಯ ಮುಂದೆ ಮಾತ್ರ ನಾವು ಈ ಜಾಣತನ ಮರೆಯುತ್ತೇವೆ.

ಬೇಸ್‌ಬಾಲ್‌ನ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ಪ್ರತಿ ನಾಲ್ಕು ಸರದಿಗೆ ಒಮ್ಮೆ ಚೆಂಡು ಹೊಡೆದು ದಾರಿ ಮಾಡಿಕೊಳ್ಳಬಲ್ಲ ಆಟಗಾರನೊಬ್ಬ ಇದ್ದಾನೆ ಎನ್ನಿ. ತಯಾರಿಯಲ್ಲಿ ಅವನಿಗೆ 40 ಸರದಿ ಸಿಕ್ಕರೆ ಹತ್ತು ಸಲ ಹೊಡೆಯಬೇಕು. ಆದರೆ ಬರಿಯ ಅದೃಷ್ಟದ ಏರಿಳಿತದಿಂದ ಅದು ಆರೂ ಆಗಬಹುದು, ಹದಿನಾಲ್ಕೂ ಆಗಬಹುದು. ಆರು ಹೊಡೆದರೆ ‘ಇವನ ಕತೆ ಮುಗಿಯಿತು’, ಹದಿನಾಲ್ಕಾದರೆ ‘ಹೊಸ ವೀರ’. ಆಟಗಾರ ಮಾತ್ರ ಅದೇ ಆಟಗಾರ. 600 ಸರದಿ ಸಿಕ್ಕಾಗ ಈ ಏರಿಳಿತ ಒಂದಕ್ಕೊಂದು ಸರಿಹೋಗಿ, ಲೆಕ್ಕ 150ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಮ್ಮ ಬ್ಯಾಟರ್‌ಗೆ ತಯಾರಿಯಲ್ಲಿ ಸಿಗುವುದು ನಾಲ್ಕೈದು ಇನಿಂಗ್ಸ್. ಅದು ಐದು ಕಾಳಿನ ಮೊಳಕೆ.

ಎದುರಾಳಿ ಯಾರೆಂಬುದೂ ಮುಖ್ಯ. 2024ರ ಸೆಪ್ಟೆಂಬರ್‌ನಲ್ಲಿ ತಿಮ್ಮಪ್ಪಯ್ಯ ಟೂರ್ನಿಯ ಪಂದ್ಯವೊಂದರಲ್ಲಿ ಗೋವಾ ತಂಡ ಇನಿಂಗ್ಸ್ ಅಂತರದಿಂದ ಗೆದ್ದಿತು. ಗೋವಾದ ಅರ್ಜುನ್ ತೆಂಡೂಲ್ಕರ್ ಒಂಬತ್ತು ವಿಕೆಟ್ ಪಡೆದರು. ಕರ್ನಾಟಕ ಸೋತಿತೆಂದು ಸುದ್ದಿ ಹರಡಿತು. ಆದರೆ ಸೋತದ್ದು ರಣಜಿ ತಂಡವಲ್ಲ, ಸಂಸ್ಥೆ ಇಳಿಸಿದ್ದ ಬಹುಪಾಲು ಎಳೆಯರ ತಂಡ. ಆ ಹಂಗಾಮಿನಲ್ಲಿ ಗೋವಾ ಆಡಿದ್ದು ಕೆಳಗಿನ ಪ್ಲೇಟ್ ವಿಭಾಗದಲ್ಲಿ, ಕರ್ನಾಟಕ ಮೇಲಿನ ಎಲೀಟ್ ವಿಭಾಗದಲ್ಲಿ. ಅರ್ಜುನ್ ಚೆನ್ನಾಗಿ ಎಸೆದದ್ದು ನಿಜ. ಎರಡು ರಾಜ್ಯಗಳ ಬಲಾಬಲವನ್ನು ಆ ಪಂದ್ಯ ಅಳೆಯಲಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ತಯಾರಿಯಲ್ಲಿ ನೋಡಬೇಕಾದ್ದು ಏನು? ರನ್, ವಿಕೆಟ್‌ಗಿಂತ ಮೊದಲು ಅಭ್ಯಾಸವನ್ನು ತೋರಿಸುವ ಸಂಗತಿಗಳನ್ನು. ವೇಗಿಯ ಓವರ್‌ಗಳು ವಾರದಿಂದ ವಾರಕ್ಕೆ ಏರುತ್ತಿವೆಯೇ? ನೋಬಾಲ್ ಕಡಿಮೆಯಾಗುತ್ತಿವೆಯೇ? ಆರಂಭಿಕ ಬ್ಯಾಟರ್ ಎಷ್ಟು ಚೆಂಡು ಆಡಿದ, ಆಫ್ ಸ್ಟಂಪ್ ಆಚೆಯದನ್ನು ಬಿಡುವ ತಾಳ್ಮೆ ಟಿ-20ಯ ನಂತರ ಅವನಿಗೆ ಮರಳಿದೆಯೇ? ಸ್ಲಿಪ್‌ನಲ್ಲಿ ಯಾರು ನಿಲ್ಲುತ್ತಿದ್ದಾರೆ, ಅದೇ ಮೂವರು ಪಂದ್ಯದಿಂದ ಪಂದ್ಯಕ್ಕೆ ಒಟ್ಟಿಗೆ ನಿಲ್ಲುತ್ತಿದ್ದಾರೆಯೇ? ಇವು ಒಂದೇ ದಿನದ ಅದೃಷ್ಟಕ್ಕೆ ಅಲುಗುವ ಸಂಗತಿಗಳಲ್ಲ.

ಅಂಕದ ಪದ್ಧತಿಯನ್ನೂ ತಿಳಿದಿರಬೇಕು. ರಣಜಿಯ ಲೀಗ್ ಪಂದ್ಯದಲ್ಲಿ ನೇರ ಗೆಲುವಿಗೆ 6 ಅಂಕ. ಇನಿಂಗ್ಸ್ ಅಥವಾ ಹತ್ತು ವಿಕೆಟ್ ಅಂತರದಿಂದ ಗೆದ್ದರೆ ಒಂದು ಹೆಚ್ಚು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರಿಗೆ 3, ಹಿಂದುಳಿದವರಿಗೆ 1. ಈಚಿನ ಹಂಗಾಮುಗಳಲ್ಲಿ ಎಲೀಟ್ ವಿಭಾಗದ ತಂಡಕ್ಕೆ ಲೀಗ್‌ನಲ್ಲಿ ಸಿಗುವುದು ಏಳೇ ಪಂದ್ಯ. ಬೇಸ್‌ಬಾಲ್ ತಂಡ ಮೊದಲ ಇಪ್ಪತ್ತು ಪಂದ್ಯದಲ್ಲಿ ಎಡವಿದರೂ ಎದ್ದು ನಿಲ್ಲಬಹುದು. ನಮಗೆ ಮೊದಲೆರಡು ಪಂದ್ಯ ಕೈಬಿಟ್ಟರೆ ಹಂಗಾಮಿನ ಕಾಲುಭಾಗಕ್ಕಿಂತ ಹೆಚ್ಚು ಹೋದಂತೆ.

2024-25ರಲ್ಲಿ ಆದದ್ದು ಇದಕ್ಕೆ ಪಾಠ. ಅಕ್ಟೋಬರ್‌ನಲ್ಲಿ ಬೆಂಗಳೂರು ಹೊರವಲಯದ ಆಲೂರಿನಲ್ಲಿ ಕೇರಳದ ಎದುರಿನ ಪಂದ್ಯ ಮಳೆಗೆ ಸಿಕ್ಕಿತು. ಮೊದಲ ಇನಿಂಗ್ಸೂ ಮುಗಿಯದೆ ಎರಡೂ ತಂಡ ಒಂದೊಂದು ಅಂಕಕ್ಕೆ ತೃಪ್ತಿಪಟ್ಟವು. ಜನವರಿ 18ರಂದು ವಡೋದರಾದಲ್ಲಿ ವಿದರ್ಭವನ್ನು ಸೋಲಿಸಿ ಏಕದಿನ ಪಂದ್ಯಗಳ ವಿಜಯ್ ಹಜಾರೆ ಟ್ರೋಫಿ ಗೆದ್ದ ಕರ್ನಾಟಕ, ಐದೇ ದಿನ ಬಿಟ್ಟು 23ಕ್ಕೆ ಪಂಜಾಬ್ ಎದುರು ಕೆಂಪು ಚೆಂಡಿನ ಆಟಕ್ಕೆ ಇಳಿಯಿತು. ಪಂಜಾಬನ್ನು 55ಕ್ಕೆ ಉರುಳಿಸಿತು, ಆರ್. ಸ್ಮರಣ್ 203 ಹೊಡೆದರು, ಗೆಲುವು ಇನಿಂಗ್ಸ್ ಅಂತರದ್ದು. ಬಿಳಿ ಚೆಂಡಿನಿಂದ ಐದೇ ದಿನದಲ್ಲಿ ಹೀಗೆ ಹೊರಳಲು ಮಳೆಗಾಲದ ತಯಾರಿಯೂ ಅಕ್ಟೋಬರ್, ನವೆಂಬರ್‌ನ ಪಂದ್ಯಗಳೂ ಮೈಯಲ್ಲಿ ಕೂಡಿಟ್ಟ ಹಸಿಯೇ ಕಾರಣ ಎಂದು ನಾನು ನಂಬುತ್ತೇನೆ. ಅಷ್ಟಾದರೂ ತಂಡ ಆ ವರ್ಷ ಎಂಟರ ಘಟ್ಟ ತಲುಪಲಿಲ್ಲ. ಶುರುವಿನಲ್ಲಿ ಕಳೆದುಕೊಂಡ ಅಂಕ ಕೊನೆಯಲ್ಲಿ ದುಬಾರಿಯಾಯಿತು. ತಯಾರಿ ಗೆಲುವಿನ ಖಾತ್ರಿ ಕೊಡುವುದಿಲ್ಲ. ಹದವಾಗಿ ಹರಗಿದ ಹೊಲಕ್ಕೂ ಮಳೆ ಕೈಕೊಡುವುದುಂಟು. ಆದರೆ ಹರಗದ ಹೊಲಕ್ಕೆ ಒಳ್ಳೆಯ ಮಳೆ ಬಂದರೂ ಉಪಯೋಗವಿಲ್ಲ.

ನಮ್ಮ ಮಕ್ಕಳ ತಲೆಕೆಳಗಾದ ಪಂಚಾಂಗ

ಇನ್ನು ನಮ್ಮ ಹೋಬಳಿಯ ಕಡೆ ತಿರುಗೋಣ. ನರೇಗಲ್, ಅಬ್ಬಿಗೇರಿ, ಜಕ್ಕಲಿ, ಕೋಡಿಕೊಪ್ಪದ ಹುಡುಗರು ಕ್ರಿಕೆಟ್ ಆಡುವುದು ಯಾವಾಗ? ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ. ಚಳಿಗಾಲದ ಕೊನೆಯಿಂದ ಬೇಸಿಗೆ ರಜೆಯವರೆಗೆ, ಟೆನಿಸ್ ಚೆಂಡಿನಲ್ಲಿ. ಜೂನ್‌ನಲ್ಲಿ ನಾಲ್ಕು ಹನಿ ಬಿದ್ದ ಕೂಡಲೇ ಆಟ ನಿಲ್ಲುತ್ತದೆ. ಎರೆಮಣ್ಣು ಕಾಲಿಗೆ ಮೆತ್ತಿಕೊಂಡರೆ ನಡೆಯುವುದೇ ಕಷ್ಟ, ಓಡಿ ಬಂದು ಚೆಂಡು ಎಸೆಯುವುದೆಲ್ಲಿ? ರಾಜ್ಯದ ತಯಾರಿ ನಡೆಯುವ ಜೂನ್–ಸೆಪ್ಟೆಂಬರ್ ಇಡೀ ನಮ್ಮ ಮಕ್ಕಳು ಕೈಕಟ್ಟಿ ಕೂತಿರುತ್ತಾರೆ. ವಲಯ ತಂಡಗಳ ಆಯ್ಕೆಗೆಂದು ಹುಬ್ಬಳ್ಳಿಗೆ ಹೋದಾಗ, ತಿಂಗಳುಗಟ್ಟಲೆ ನೆಟ್ಸ್‌ನಲ್ಲಿ ಪಳಗಿದ ಹುಡುಗರ ಪಕ್ಕ ಇವರು ಹರಗದ ಹೊಲದಂತೆ ನಿಲ್ಲುತ್ತಾರೆ. ಪ್ರತಿಭೆ ಕಡಿಮೆಯೆಂದು ಅಲ್ಲಿ ತೀರ್ಮಾನವಾಗುತ್ತದೆ. ಕಡಿಮೆಯಾದದ್ದು ಹರಗಾಟ.

ಮನಸ್ಸಿಗೆ ನೋವಾಗುವ ಸಂಗತಿಯೆಂದರೆ, ಕ್ರಿಕೆಟ್ ಪಿಚ್‌ಗೆ ಬೇಕಾದ ಜೀವಾಳದ ಮಣ್ಣು ನಮ್ಮ ಕಾಲಡಿಯಲ್ಲೇ ಇದೆ. ಒಳ್ಳೆಯ ಪಿಚ್‌ನ ಮೇಲ್ಪದರಕ್ಕೆ ಜೇಡಿ ಹೆಚ್ಚಿರುವ ಮಣ್ಣು ಬೇಕು. ನೀರು ಕುಡಿದು ಹಿಗ್ಗಿ, ಒಣಗುವಾಗ ಕುಗ್ಗಿ, ರೋಲರ್ ಹಾಯಿಸಿದರೆ ಕಲ್ಲಿನಂತೆ ಬಿಗಿಯುವ ಗುಣ ಎರೆಮಣ್ಣಿನದು. ದೇಶದ ಎಷ್ಟೋ ಅಂಗಳಗಳ ಪಿಚ್‌ಗಳಿಗೆ ಕರಿಮಣ್ಣೇ ಆಧಾರ. ಕೆಂಪುಮಣ್ಣಿನ ಪಿಚ್‌ನಲ್ಲಿ ಚೆಂಡು ಹೆಚ್ಚು ಪುಟಿಯುತ್ತದೆ. ಕರಿಮಣ್ಣಿನದು ತುಸು ನಿಧಾನ, ಪುಟಿತ ತಗ್ಗು. ಆದರೆ ಹುಲ್ಲಿನ ಪಿಚ್ ಸಾಕುವುದಕ್ಕೆ ನೀರು, ರೋಲರ್, ಮುಚ್ಚಿಗೆ, ದಿನವೂ ಕೈಯಾಡಿಸುವ ಆಳು ಎಲ್ಲವೂ ಬೇಕು. ಅಷ್ಟನ್ನು ಒಂದೇ ಸಲಕ್ಕೆ ಕೇಳುವುದು ನ್ಯಾಯವಲ್ಲ.

ಕೇಳಬೇಕಾದದ್ದು ಅದಕ್ಕಿಂತ ಚಿಕ್ಕದು. ಶಾಲೆಯ ಮೈದಾನದ ಒಂದು ಮಗ್ಗುಲಲ್ಲಿ ಎರೆಮಣ್ಣು ತೆಗೆದು, ಗರಸು ಹಾಸಿ, ನೆಲ ಒಂದಡಿ ಎತ್ತರಿಸಿ, ನೀರು ಹರಿದುಹೋಗಲು ಕಾಲುವೆ ಬಿಟ್ಟು, ಅದರ ಮೇಲೆ ಎರಡು ಸಿಮೆಂಟ್ ಪಿಚ್, ಹಾಸಲು ಮ್ಯಾಟ್, ಸುತ್ತ ಬಲೆ. ನಮ್ಮದು ಮಳೆ ಕಡಿಮೆಯ ಸೀಮೆ. ನಮಗೆ ಅಡ್ಡಿಯಾಗಿರುವುದು ಬೀಳುವ ಮಳೆಗಿಂತ ಅದನ್ನು ಹಿಡಿದಿಟ್ಟುಕೊಳ್ಳುವ ಮಣ್ಣು. ಗರಸಿನ ಮೇಲೆ ಬೆಳಿಗ್ಗೆ ಬಿದ್ದ ಮಳೆ ಸಂಜೆಗೆ ಆರುತ್ತದೆ. ಬೆಂಗಳೂರಿನಲ್ಲಿ ಛಾವಣಿಯಡಿ ನಡೆಯುವ ಅಭ್ಯಾಸ ಇಲ್ಲಿ ಬಯಲಲ್ಲೇ ನಡೆಯಬಲ್ಲದು. ಹಿಮದ ನಾಡಿಗೆ ಫ್ಲಾರಿಡಾ ಹೇಗೋ, ಮಳೆಯ ನಾಡಿಗೆ ರೋಣ, ಗಜೇಂದ್ರಗಡ, ನರಗುಂದದ ಈ ಒಣಸೀಮೆ ಹಾಗೆ ಆಗಬಹುದು. ಬರಗಾಲದ ಲೆಕ್ಕದಲ್ಲಷ್ಟೇ ಹೆಸರು ಬರುವ ನೆಲಕ್ಕೆ ಅದೊಂದು ಮರ್ಯಾದೆ.

ಪಿಚ್ ಹಾಕಿದರಷ್ಟೇ ಸಾಲದು, ಮಕ್ಕಳ ಮೈಯನ್ನೂ ಕಾಯಬೇಕು. ಅಮೆರಿಕದ ಬಾಲಕರ ಬೇಸ್‌ಬಾಲ್‌ನಲ್ಲಿ 11–12 ವರ್ಷದ ಹುಡುಗ ದಿನಕ್ಕೆ 85ಕ್ಕಿಂತ ಹೆಚ್ಚು ಎಸೆತ ಹಾಕುವಂತಿಲ್ಲ. ಹೆಚ್ಚು ಎಸೆದ ದಿನದ ಮೇಲೆ ಕಡ್ಡಾಯ ವಿಶ್ರಾಂತಿ. ನಮ್ಮ ಬೇಸಿಗೆ ಟೂರ್ನಿಗಳಲ್ಲಿ ಚೆನ್ನಾಗಿ ಎಸೆಯುವ ಹುಡುಗ ಸಿಕ್ಕರೆ ಬೆಳಗಿನಿಂದ ಸಂಜೆಯವರೆಗೆ ಪಂದ್ಯದ ಮೇಲೆ ಪಂದ್ಯ ಅವನ ಕೈಗೇ ಚೆಂಡು. ಪ್ರೀತಿಯಿಂದಲೇ ಮಾಡುತ್ತೇವೆ, ಆದರೆ ಎಳೆಯ ಎಲುಬಿಗೆ ಅದು ತಿಳಿಯದು. ದೈಹಿಕ ಶಿಕ್ಷಕರು ಒಂದು ನೋಟುಬುಕ್ಕಿನಲ್ಲಿ ಯಾವ ಹುಡುಗ ಎಷ್ಟು ಎಸೆದನೆಂದು ಗೀಟು ಹಾಕಿಟ್ಟರೆ ಸಾಕು. ದೊಡ್ಡ ತಂಡಗಳೂ ಮಾಡುವುದು ಅದನ್ನೇ.

ಈ ಜಿಲ್ಲೆ ಏನು ಕೊಡಬಲ್ಲದೆಂಬುದನ್ನು ಭಾರತ ತಂಡಕ್ಕೆ ಆಡಿದ ಸುನಿಲ್ ಜೋಶಿ ತೋರಿಸಿಕೊಟ್ಟಿದ್ದಾರೆ. 1970ರಲ್ಲಿ ಗದಗದಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಬೆಳಗಿನ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. ಕರ್ನಾಟಕ ರಣಜಿ ಗೆದ್ದ 1995-96ರಲ್ಲಿ ಒಂದೇ ಹಂಗಾಮಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಅವರದಾದವು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್‌ನಲ್ಲಿ 6 ಮೇಡನ್, 6 ರನ್, 5 ವಿಕೆಟ್. 2000ದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ ಐದು ವಿಕೆಟ್ ಗೊಂಚಲು, 92 ರನ್, ಪಂದ್ಯಶ್ರೇಷ್ಠ ಗೌರವ. ಆ ಸಾಧನೆಯ ಕೆಳಗೆ ಕಸುವಾಗಿ ನಿಂತದ್ದು ಬೆಳಗಿನ ಆ ಪಯಣ. ಗದಗದ ಹುಡುಗನಿಗೆ ಅದು ಸಾಧ್ಯವಾಯಿತು. ಗದಗಕ್ಕೇ ಬಸ್ ಹಿಡಿದು ಹೋಗಬೇಕಾದ ನರೇಗಲ್ ಹುಡುಗ ಹುಬ್ಬಳ್ಳಿಗೆ ಹೋಗಿ ಶಾಲೆಯ ಗಂಟೆಗೆ ಮರಳಲಾರ. ಅಂಥ ಛಲವುಳ್ಳವನನ್ನು ಮೆಚ್ಚಬೇಕು. ಅಂಥ ಛಲವಿದ್ದವನಿಗಷ್ಟೇ ದಾರಿ ತೆರೆಯುವ ವ್ಯವಸ್ಥೆಯನ್ನು ಮೆಚ್ಚಬಾರದು.

ಅಕ್ಟೋಬರ್‌ನಲ್ಲಿ ಮೊದಲ ರಣಜಿ ಪಂದ್ಯ ಶುರುವಾದಾಗ ಮೊದಲ ದಿನದ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಮೂರನೆಯ ದಿನ ಸಂಜೆಯವರೆಗೆ ಕಾಯಿರಿ. ನಮ್ಮ ವೇಗಿ ಆ ದಿನದ ಕೊನೆಯ ಸರದಿಗೆ ಚೆಂಡು ಹಿಡಿದು ಬರುವಾಗ ಅವನ ಓಟ ಮೊದಲ ಬೆಳಗಿನ ಓಟದಂತೆಯೇ ಇದೆಯೇ ಎಂದು ನೋಡಿ. ಬಿತ್ತುವ ಮುನ್ನ ನಮ್ಮ ರೈತ ಹೊಲಕ್ಕೆ ಹೋಗಿ, ಕೈಯಿಂದ ಮಣ್ಣು ಬಗೆದು, ಮೇಲಿನ ಹಸಿ ಕೆಳಗಿನ ಹಸಿಗೆ ಕೂಡಿದೆಯೇ ಎಂದು ನೋಡುವುದು ಹಾಗೆಯೇ. ಕೂಡಿದ್ದರೆ ಮಳೆಗಾಲದ ಕುಂಟಿ ಕೆಲಸ ಮಾಡಿದೆ.